ಮುಂಗಾಲಿನ ಒಂದು ಗೇಣು

ಟ್ರ್ಯಾಕ್ಟರು ವಿಮಾನವನ್ನು ಹಿಂದಕ್ಕೆ ತಳ್ಳತೊಡಗಿದಾಗ ಅವಳು ಚಹಾದ ಲೋಟವನ್ನು ಇನ್ನೂ ಬಾಯಿಗೆ ಮುಟ್ಟಿಸಿರಲಿಲ್ಲ. ಕಿಟಕಿಯಾಚೆ ನೋಡಬಾರದೆಂದು ಹನ್ನೆರಡು ದಿನಗಳಿಂದ ತನಗೆ ತಾನೇ ಬುದ್ಧಿ ಹೇಳಿಕೊಂಡಿದ್ದಳು. ಕಾಗದ ಸರಿಯಿದೆ, ಲೆಕ್ಕ ಸರಿಯಿದೆ, ಸಹಿ ಬಿದ್ದಿದೆ, ಇನ್ನು ಕಿಟಕಿಯಲ್ಲಿ ನೋಡುವುದೇನಿದೆ ಎಂದು. ಆದರೂ ಕಣ್ಣು ಹೋಯಿತು. ಹೋದ ಕಣ್ಣು ವಾಪಸು ಬರಲಿಲ್ಲ.

ಮುಂಗಾಲು ಒಂದು ಗೇಣು ಹೊಳೆಯುತ್ತಿತ್ತು.

ವಿಮಾನದ ಮೂತಿಯ ಕೆಳಗಿನ ಚಕ್ರದ ಕಾಲಿಗೆ ಅಲ್ಲಿ ಎಲ್ಲರೂ ಮುಂಗಾಲು ಎನ್ನುತ್ತಿದ್ದರು. ಒಂದರೊಳಗೊಂದು ಜಾರುವ ಎರಡು ದಪ್ಪ ಕೊಳವೆಗಳು. ಮೂತಿಯ ಮೇಲೆ ಭಾರ ಬಿದ್ದಷ್ಟೂ ಒಳಗಿನ ಬೆಳ್ಳಗಿನ ಕೊಳವೆ ಮೇಲಿನದರಲ್ಲಿ ಅಡಗುತ್ತದೆ. ತುಂಬಿದ ವಿಮಾನದಲ್ಲಿ ಅದು ನಾಲ್ಕು ಬೆರಳಿನಷ್ಟು ಕಂಡರೆ ಸರಿ. ಗೇಣುದ್ದ ಕಂಡಿತೆಂದರೆ ಮೂತಿ ಹಗುರಾಗಿದೆ, ಭಾರವೆಲ್ಲ ಬಾಲದ ಕಡೆಗಿದೆ ಎಂದರ್ಥ. ಇಲ್ಲವೇ ಕಾಲಿಗೆ ಹೊಸದಾಗಿ ಗಾಳಿ ತುಂಬಿದ್ದಾರೆ ಎಂದರ್ಥ. ಈ ಎರಡನೆಯ ಅರ್ಥ ಅವಳಿಗೆ ಹನ್ನೆರಡು ದಿನಗಳ ಹಿಂದೆ, ನಾಲ್ಕು ಜನರ ಎದುರಿಗೆ, ಚೆನ್ನಾಗಿ ಮನದಟ್ಟಾಗಿತ್ತು.

ಅವಳ ಕೆಲಸ ವಿಮಾನದ ತೂಕ ಹಂಚುವುದು. ಎಷ್ಟು ಜನ, ಯಾವ ಸಾಲಿನಲ್ಲಿ, ಎಷ್ಟು ಸಾಮಾನು, ವಿಮಾನದ ಹೊಟ್ಟೆಯ ಸಾಮಾನಿನ ಗೂಡುಗಳಲ್ಲಿ ಮುಂದಿನ ಹೋಲ್ಡಿನಲ್ಲೋ ಹಿಂದಿನ ಹೋಲ್ಡಿನಲ್ಲೋ, ಎಷ್ಟು ಇಂಧನ. ಮೂರನೇ ಮಹಡಿಯ ಆ ಕೋಣೆಯಲ್ಲಿ ಕುಳಿತು ಇದನ್ನೆಲ್ಲ ಕೂಡಿಸಿ, ಹೊಟ್ಟೆ ತುಂಬಿದ ವಿಮಾನ ರೆಕ್ಕೆಗಳ ಮೇಲೆ ತಕ್ಕಡಿಯ ಹಾಗೆ ಸಮ ನಿಲ್ಲುತ್ತದೆಂದು ಬರೆದು ಸಹಿ ಮಾಡಬೇಕು. ಆ ಕಾಗದ ನಂಬಿ ಪೈಲಟ್ ವಿಮಾನ ಎಬ್ಬಿಸುತ್ತಾನೆ. ಬಾಲ ಅತಿಯಾಗಿ ಭಾರವಾದರೆ ರನ್‌ವೇಯಲ್ಲಿ ಓಡುವಾಗಲೇ ಮೂತಿ ತಾನಾಗಿ ಮೇಲೇಳುತ್ತದೆ. ಒತ್ತಿದರೂ ಇಳಿಯುವುದಿಲ್ಲ. ಆಮೇಲೆ ಏನಾಗುತ್ತದೆ ಎಂಬುದನ್ನು ತರಬೇತಿಯಲ್ಲಿ ಹದಿನೇಳು ಸೆಕೆಂಡಿನ ಒಂದು ವಿಡಿಯೊದಲ್ಲಿ ತೋರಿಸಿದ್ದರು. ಅವಳು ಅದನ್ನು ಒಂದೇ ಸಲ ನೋಡಿದ್ದು. ಇನ್ನೊಂದು ಸಲ ನೋಡುವ ಅಗತ್ಯ ಬೀಳಲಿಲ್ಲ.

ಮುಂಗಾಲು ನೋಡುವುದನ್ನು ಮಾತ್ರ ತರಬೇತಿಯಲ್ಲಿ ಕಲಿಸಿರಲಿಲ್ಲ. ಅದನ್ನು ಕಲಿಸಿದ್ದು ಅಣ್ಣ. ಅವನು ಕೆಳಗೆ ವಿಮಾನಗಳು ನಿಲ್ಲುವ ಅಂಗಳದಲ್ಲಿ ಲೋಡರುಗಳ ಮೇಸ್ತ್ರಿ. ಇಪ್ಪತ್ತೆರಡು ವರ್ಷ ಚೀಲ, ಪೆಟ್ಟಿಗೆ ಎತ್ತಿ ಹಾಕಿಸಿದವನು. ಅವಳು ಮೇಲಿನ ಕೋಣೆಗೆ ಸೇರಿದ ಮೊದಲ ದಿನ ಅವನು ಅವಳನ್ನು ವಿಮಾನದ ಮೂತಿಯ ಕೆಳಗೆ ಕರೆದುಕೊಂಡು ಹೋಗಿ, ಆ ಬೆಳ್ಳಿಯಂಥ ಕೊಳವೆಗೆ ತನ್ನ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದ್ದ. "ಕಂಪ್ಯೂಟರ್ ಏನ್ ಬೇಕಾದ್ರೂ ಹೇಳ್ಲಿ. ಕೊನೆಗೆ ಒಂದ್ಸಲ ಇದರ ಮಾತೂ ಕೇಳು."

ಕೇಳಿದ್ದಳು. ಹನ್ನೆರಡು ದಿನಗಳ ಹಿಂದೆ ಒಂದು ವಿಮಾನದ ಮುಂಗಾಲು ಎತ್ತರವಾಗಿ ಕಂಡು, "ಒಂದು ಗೇಣು ಮೇಲಿದೆ, ನಿಲ್ಲಿಸಿ" ಎಂದು ಕೂಗಿದ್ದಳು. ನಿಲ್ಲಿಸಿದರು. ಹೋಲ್ಡಿನ ಬಾಗಿಲು ತೆಗೆದರು. ಅಣ್ಣ ತುಂಬಿದ್ದು ಒಂದು ಚೀಲವೂ ಆಚೀಚೆಯಾಗದಂತೆ ಕಾಗದದಲ್ಲಿದ್ದ ಹಾಗೇ ಇತ್ತು. ಹಿಂದಿನ ರಾತ್ರಿ ಮೆಕ್ಯಾನಿಕ್ಕುಗಳು ಕಾಲಿಗೆ ಗಾಳಿ ತುಂಬಿದ್ದರಂತೆ, ಅಷ್ಟೇ. ವಿಮಾನ ಐವತ್ತು ನಿಮಿಷ ತಡವಾಯಿತು. ಅವಳಿಗೆ ಒಂದು ಎಚ್ಚರಿಕೆ ಪತ್ರವೂ ಒಂದು ಅಡ್ಡಹೆಸರೂ ಒಟ್ಟಿಗೆ ಸಿಕ್ಕವು. ಇನ್ನೊಮ್ಮೆ ಹೀಗೆ ವಿನಾಕಾರಣ ನಿಲ್ಲಿಸಿದರೆ ಸಹಿಯ ಅಧಿಕಾರ ಹೋಗುತ್ತದೆ ಎಂದು ಪತ್ರ ಹೇಳಿತು. ಅಡ್ಡಹೆಸರು ಗೇಣಮ್ಮ.

ಪತ್ರವನ್ನು ಅವಳು ಡ್ರಾಯರಿನಲ್ಲಿಟ್ಟಳು. ಹೆಸರನ್ನೂ ನುಂಗಿಕೊಂಡಳು. ನುಂಗಲಾಗದ್ದು ಅಣ್ಣನ ಮಾತು. ಆ ದಿನ ಸಂಜೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಹೇಳಿದ್ದ, "ನಿಲ್ಲಿಸೋ ಮೊದಲು ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ. ನನ್ನ ಹುಡುಗರ ಮುಂದೆ ನನ್ನನ್ನೇ ಕಳ್ಳನ ಹಾಗೆ ನಿಲ್ಲಿಸಿದೆ. ಇನ್ನು ಮೇಲೆ ಏನಿದ್ರೂ ಕಾಗದದಲ್ಲಿ ಕಳಿಸು." ಅಷ್ಟು ಹೇಳಿ ಅವಳನ್ನು ಹತ್ತಿಸಿಕೊಳ್ಳದೆ ಹೊರಟುಹೋದ. ಒಂದೇ ಮನೆ, ಕೆಳಗೆ ಅಣ್ಣ, ಮೇಲೆ ಅವಳು. ಅಂದಿನಿಂದ ಅವಳು ಬಸ್ಸಿನಲ್ಲಿ ಬರುತ್ತಿದ್ದಳು, ಅವನು ಹಿಂದಿನ ಸೀಟು ಖಾಲಿ ಬಿಟ್ಟುಕೊಂಡು ಬರುತ್ತಿದ್ದ. ನಡುವೆ ಅತ್ತಿಗೆ ಮೆಟ್ಟಿಲು ಹತ್ತಿ ಇಳಿದು, "ನೀರು ಬಿಟ್ಟಿದ್ದಾರಂತೆ, ತುಂಬಿಕೋಬೇಕಂತೆ" ಎಂದು ಇಬ್ಬರ ಮಾತನ್ನೂ ಹೊತ್ತು ಸುಸ್ತಾಗಿದ್ದಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಟಮಾರಿಗಳು, ಯಾರಿಗೆ ಯಾರು ಕಡಿಮೆ.

ಈಗ ಗಡಿಯಾರ ಮೂರು ನಲವತ್ತನಾಲ್ಕು ತೋರಿಸುತ್ತಿತ್ತು. ಟ್ರ್ಯಾಕ್ಟರಿನವನು ವಿಮಾನವನ್ನು ತಿರುಗಿಸಿ ನಿಲ್ಲಿಸುತ್ತಿದ್ದ. ರನ್‌ವೇಯ ತುದಿಯಲ್ಲಿ ಎರಡು ವಿಮಾನಗಳು ಸರದಿಯಲ್ಲಿದ್ದವು. ಇದು ಮೇಲೇಳಲು ಒಂಬತ್ತು ನಿಮಿಷ, ಹೆಚ್ಚೆಂದರೆ ಹತ್ತು.

ಅವಳು ಚಹಾದ ಲೋಟ ಪಕ್ಕಕ್ಕಿಟ್ಟು ತನ್ನ ಕಾಗದಗಳನ್ನು ಎಳೆದುಕೊಂಡಳು. ಈ ವಿಮಾನಕ್ಕೆ ಎರಡು ಕಾಗದ ಹೋಗಿದ್ದವು. ಮೊದಲನೆಯದರಲ್ಲಿ ನೀರೆತ್ತುವ ಪಂಪಿನ ಬಿಡಿಭಾಗಗಳ ಆರು ಪೆಟ್ಟಿಗೆಗಳು, ಎರಡು ಸಾವಿರದ ನೂರು ಕಿಲೋ, ಹಿಂದಿನ ಹೋಲ್ಡಿನಲ್ಲಿ. ಪ್ರಯಾಣಿಕರ ಚೀಲಗಳು ಮುಂದಿನ ಹೋಲ್ಡಿನಲ್ಲಿ. ಅಷ್ಟರಲ್ಲಿ ಬೇರೆ ಕಡೆಯಿಂದ ಬರಬೇಕಿದ್ದ ವಿಮಾನವೊಂದು ತಡವಾಗಿ, ಮುಂದಿನ ಸಾಲುಗಳಲ್ಲಿ ಕೂರಬೇಕಿದ್ದ ನಲವತ್ತೊಂದು ಜನ ತಪ್ಪಿಹೋದರು. ಮುಂಭಾಗ ಖಾಲಿಯಾಯಿತು. ಅದನ್ನು ಸರಿದೂಗಿಸಲು ಅವಳು ಪೆಟ್ಟಿಗೆಗಳನ್ನು ಮುಂದಕ್ಕೂ ಚೀಲಗಳನ್ನು ಹಿಂದಕ್ಕೂ ಅದಲುಬದಲು ಮಾಡಿ ಎರಡನೆಯ ಕಾಗದ ತೆಗೆದಳು. ಬದಲಾದ ಜಾಗಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಪಕ್ಕದಲ್ಲಿ "ಗಮನಿಸಿ" ಎಂದು ಬರೆದು ಕೆಳಗೆ ಕಳಿಸಿದಳು. ಅದು ಸಹಿಯಾಗಿ ವಾಪಸು ಬಂತು.

ಇಂಥ ಬದಲಾವಣೆ ಆದಾಗ ಒಂದು ಪದ್ಧತಿಯಿದೆ. ಮೇಲಿನಿಂದ ಮೇಸ್ತ್ರಿಗೆ ಫೋನ್ ಮಾಡಿ ಬಾಯಲ್ಲಿ ಹೇಳಬೇಕು, ಅವನು ಅದನ್ನು ಹಾಗೇ ತಿರುಗಿಸಿ ಹೇಳಬೇಕು. ಆಮೇಲೇ ಕಾಗದ. ಏಕೆಂದರೆ ಎರಡನೆಯ ಕಾಗದಗಳಲ್ಲಿ ಹತ್ತಕ್ಕೆ ಒಂಬತ್ತು ಬರೀ ಒಬ್ಬ ಪ್ರಯಾಣಿಕ ಹೆಚ್ಚಾದ, ಒಬ್ಬ ಕಡಿಮೆಯಾದ ಎಂಬ ಸುದ್ದಿ ಹೊತ್ತು ಬರುತ್ತವೆ. ಬಿಸಿಲಲ್ಲಿ ನಿಂತ ಮೇಸ್ತ್ರಿಗಳು ಅವನ್ನು ಓದದೆ ಸಹಿ ಮಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಇವತ್ತು ಅವಳು ಫೋನ್ ಮಾಡಿರಲಿಲ್ಲ. ಕಾಗದದಲ್ಲಿ ಕಳಿಸು ಎಂದವನಿಗೆ ಕಾಗದದಲ್ಲೇ ಕಳಿಸಿದ್ದಳು. ಕಳಿಸುವಾಗ ಒಂದು ಬಗೆಯ ಖುಷಿಯೂ ಆಗಿತ್ತು.

ಅವಳು ಲೋಡರುಗಳ ಕೋಣೆಗೆ ಫೋನ್ ಮಾಡಿದಳು. ಎತ್ತಿದ್ದು ಅಣ್ಣನ ಗ್ಯಾಂಗಿನ ಹಳಬ. ದಪ್ಪ ಮೀಸೆಯವನಾದ್ದರಿಂದ ಎಲ್ಲರಿಗೂ ಅವನು ಮೀಸೆ.

"ಅಣ್ಣ ಇದಾನಾ?"

ಫೋನಿನ ಬಾಯಿಗೆ ಕೈ ಮುಚ್ಚಿದ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಮೀಸೆ ಹೇಳಿದ, "ಇದಾನಕ್ಕ. ಏನಿದ್ರೂ ಕಾಗದದಲ್ಲಿ ಕಳಿಸ್ಬೇಕಂತೆ."

"ವಿಮಾನ ಹೊರಟಾಯ್ತು. ಪೆಟ್ಟಿಗೆಗಳು ಎಲ್ಲಿವೆ ಅಂತ ಕೇಳಿ."

ಮೀಸೆ ಕೇಳಿದ. ಅಣ್ಣನ ದನಿ ದೂರದಿಂದಲೇ ಬಂತು. ಫೋನಿಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. "ಅವಳು ಎಲ್ಲಿ ಅಂತ ಬರೆದಿದ್ದಾಳೋ ಅಲ್ಲೇ ಇವೆ ಅನ್ನು."

ಅವಳ ಎದೆ ಒಂದು ಕ್ಷಣ ಹಗುರಾಯಿತು. ಅಣ್ಣ ಸುಳ್ಳು ಹೇಳುವವನಲ್ಲ. ಫೋನ್ ಇಟ್ಟುಬಿಡಬಹುದಿತ್ತು. ಇಡಲಿಲ್ಲ.

"ಹಿಂದಿನ ಹೋಲ್ಡ್ ಬಾಗಿಲು ಎಷ್ಟು ಗಂಟೆಗೆ ಹಾಕಿದ್ರಿ?"

"ಮೂರೂ ಐದಕ್ಕೇ ಮುಗಿಸಿ ಹಾಕಿದ್ವಿ," ಮೀಸೆಯ ದನಿಯಲ್ಲಿ ಹೆಮ್ಮೆಯಿತ್ತು. "ಈ ಸಲ ಲೋಡರುಗಳಿಂದ ತಡ ಅಂತ ಯಾರೂ ಬಾಯಿ ತೆಗೆಯೋ ಹಾಗಿಲ್ಲ."

"ಆಮೇಲೆ ಮತ್ತೆ ತೆಗೆದ್ರಾ?"

"ಗೊತ್ತಿಲ್ಲಕ್ಕ, ನಾನು ಊಟಕ್ಕೆ ಬಂದೆ. ಮೇಸ್ತ್ರಿ ಅಲ್ಲೇ ಇದ್ದ." ಹಿಂದಿನಿಂದ ಅಣ್ಣ "ಇಡಯ್ಯ ಫೋನು" ಎಂದದ್ದು ಕೇಳಿಸಿತು. ಮೀಸೆ ಇಟ್ಟ.

ಅವಳು ಎರಡನೆಯ ಕಾಗದದ ಮೂಲೆ ನೋಡಿದಳು. ಮುದ್ರಣವಾದ ಹೊತ್ತು, ಮೂರು ಹದಿನೆಂಟು. ಬಾಗಿಲು ಹಾಕಿ ಹದಿಮೂರು ನಿಮಿಷದ ಮೇಲೆ. ಎರಡು ಟನ್ ಪೆಟ್ಟಿಗೆಗಳನ್ನು ಇಳಿಸಿ, ಮುಂದಕ್ಕೆ ಸಾಗಿಸಿ, ಏರಿಸಿ ಬಾಗಿಲು ಹಾಕಲು ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು. ಕಾಗದದಂತೆ ತುಂಬಿ ಮುಗಿಸಿದ ಮೇಲೆ ಹಾಕಬೇಕಾದ ಸಹಿಯ ಪಕ್ಕ ಬರೆದಿದ್ದ ಹೊತ್ತು ಮೂರು ಇಪ್ಪತ್ತನಾಲ್ಕು. ಕೆಂಪು ಸುತ್ತಿನ ಮೇಲೇ ಅಣ್ಣನ ಸಹಿ ಅಡ್ಡಾದಿಡ್ಡಿ ಹಾದುಹೋಗಿತ್ತು. ಹಾಗೆಂದು ಅವನು ಕೆಳಗಿನ ಅಕ್ಷರ ಓದಿಯೇ ಇಲ್ಲ ಎನ್ನುವಂತೆಯೂ ಇರಲಿಲ್ಲ. ಮೀಸೆ ಊಟಕ್ಕೆ ಬಂದಮೇಲೆ ಉಳಿದವರನ್ನು ಕಟ್ಟಿಕೊಂಡು ಅಣ್ಣ ಆರು ನಿಮಿಷದಲ್ಲಿ ಏನಾದರೂ ಮಾಡಿರಬಹುದು. ಅವನು ಹಿಂದೆ ಇಂಥವನ್ನು ಮಾಡಿದ್ದೂ ಉಂಟು.

ಅವನು ಓದದೆ ಸಹಿ ಮಾಡಿದ್ದರೆ, ಅದು ಬಯಲಾದರೆ, ಅವನ ತೋಳಿನ ಮೇಸ್ತ್ರಿ ಪಟ್ಟಿ ಹೋಗುತ್ತದೆ. ಕಂಪನಿ ಜಗಳ ಕ್ಷಮಿಸುತ್ತದೆ, ತಡ ಕ್ಷಮಿಸುತ್ತದೆ, ಸುಳ್ಳು ಸಹಿಯನ್ನು ಕ್ಷಮಿಸುವುದಿಲ್ಲ. ಓದಿಯೇ ಸಹಿ ಮಾಡಿದ್ದರೆ ತನ್ನ ಸಹಿ ಹೋಗುತ್ತದೆ, ಮತ್ತು ಅಣ್ಣ ಇನ್ನು ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ. ಯಾವ ಕಡೆ ತಿರುಗಿದರೂ ಮನೆಯ ಗೋಡೆಯೇ ಎದುರಾಗುತ್ತಿತ್ತು. ಕಿಟಕಿಯಲ್ಲಿ ಟ್ರ್ಯಾಕ್ಟರು ಕಳಚಿಕೊಂಡು ಪಕ್ಕಕ್ಕೆ ಸರಿಯಿತು.

ಅವಳು ವಾಕಿಟಾಕಿ ಎತ್ತಿ ಟ್ರ್ಯಾಕ್ಟರಿನವನನ್ನು ಕರೆದಳು. "ಮುಂಗಾಲು ಹೇಗಿತ್ತು?"

"ತಳ್ಳುವಾಗ ಕುಣೀತಿತ್ತಕ್ಕ," ಅವನೆಂದ. "ಬ್ರೇಕ್ ಒತ್ತಿದ್ರೆ ಮೂತಿ ಎಗರ್ತಿತ್ತು. ಆದ್ರೆ ಹೋದ ಸಲದ್ದೂ ಕುಣೀತಿತ್ತಲ್ಲ."

ಹೋದ ಸಲದ್ದೂ ಕುಣಿಯುತ್ತಿತ್ತು, ನಿಜ. ಅವಳು ಎದ್ದು ಗಾಜಿನ ಗೂಡಿನತ್ತ ನಡೆದಳು. ಅಲ್ಲಿ ಆ ಪಾಳಿಯ ಮ್ಯಾನೇಜರು ಕೂರುತ್ತಿದ್ದರು. ಎರಡು ಕೈಗೂ ಗಡಿಯಾರ ಕಟ್ಟುವ ಮನುಷ್ಯ, ಒಂದು ನಿಂತರೆ ಇನ್ನೊಂದಿರಲಿ ಎಂದು. ಹೀಗಾಗಿ ಗಡಿಯಾರ ಸಾಹೇಬರು. ಹೊರಟ ವಿಮಾನವನ್ನು ರೇಡಿಯೊದಲ್ಲಿ ಕರೆಯಬೇಕಾದರೆ ಅವರಿಗೆ ಹೇಳಿಯೇ ಕರೆಯಬೇಕು.

"ಸರ್, ಈ ವಿಮಾನ ನಿಲ್ಲಿಸಬೇಕು."

ಅವರು ತಲೆಯೆತ್ತಿದರು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. "ಈ ಸಲವೂ ಗೇಣಾ?"

"ಹೌದು. ಗೇಣೊಂದೇ ಅಲ್ಲ. ಎರಡನೇ ಕಾಗದ ಪ್ರಿಂಟ್ ಆಗೋ ಮೊದಲೇ ಹಿಂದಿನ ಬಾಗಿಲು ಹಾಕಿದ್ದಾರೆ."

"ನಿಮ್ಮ ಅಣ್ಣ ಏನಂತಾರೆ?"

"ಸರಿ ಇದೆ ಅಂತಾನೆ."

"ಮತ್ತೆ? ಸಹಿ ಇದೆ, ಮೇಸ್ತ್ರಿ ಸರಿ ಅಂತಿದ್ದಾನೆ. ನೋಡೀಮ್ಮ, ಹೋದ ಸಲದ ಐವತ್ತು ನಿಮಿಷಕ್ಕೆ ನಾನಿನ್ನೂ ಉತ್ತರ ಬರೀತಾ ಇದೀನಿ. ನೀವು ಫೋನ್ ಮಾಡಿ ಹೇಳಿದ್ರಲ್ಲ, ಅವರು ತಿರುಗಿಸಿ ಹೇಳಿದ್ರಲ್ಲ?"

ಅವಳು ಉತ್ತರ ಕೊಡಲಿಲ್ಲ. ಸಮಯವಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಸಮಯ ಇತ್ತು. ಸರದಿಯ ಮೊದಲನೆಯ ವಿಮಾನ ಆಗಷ್ಟೇ ರನ್‌ವೇಗೆ ತಿರುಗುತ್ತಿತ್ತು. "ಇಲ್ಲ" ಎನ್ನಲು ಎಷ್ಟು ಹೊತ್ತು ಬೇಕು. ನಾಲಿಗೆ ಹೊರಳಲಿಲ್ಲ. ಅದರ ಬದಲು ಕೈ ಹೊರಳಿತು. ಮೇಜಿನ ಮೇಲಿದ್ದ ರೇಡಿಯೊದ ಮೈಕು ಎತ್ತಿಕೊಂಡಳು.

"ತಪ್ಪಾದರೆ ಈ ಕೋಣೆಗೆ ನೀವು ನಾಳೆ ಬರಲ್ಲ," ಎಂದರು ಗಡಿಯಾರ ಸಾಹೇಬರು. ಆದರೆ ಕೈ ಹಿಡಿಯಲಿಲ್ಲ. ಅವರೂ ಕಿಟಕಿಯತ್ತಲೇ ನೋಡುತ್ತಿದ್ದರು.

ಅವಳು ಗುಂಡಿ ಒತ್ತಿದಳು. ವಿಮಾನದ ಸಂಖ್ಯೆ ಹೇಳಿ, "ಲೋಡ್ ಕಂಟ್ರೋಲಿನಿಂದ. ಕ್ಯಾಪ್ಟನ್, ದಯವಿಟ್ಟು ಹೊರಡಬೇಡಿ. ತೂಕ ಹಂಚಿರೋದರ ಬಗ್ಗೆ ಅನುಮಾನ ಇದೆ," ಎಂದಳು.

ರೇಡಿಯೊ ಗೊರಗುಟ್ಟಿತು. ನಡುವಯಸ್ಸಿನ, ಅವಸರವಿಲ್ಲದ ದನಿ. "ಅನುಮಾನವಾ, ಖಚಿತವಾ?"

ಗಡಿಯಾರ ಸಾಹೇಬರು ಅವಳನ್ನೇ ನೋಡಿದರು. ಖಚಿತ ಎಂದುಬಿಟ್ಟರೆ ಸುಲಭವಿತ್ತು.

"ಅನುಮಾನ," ಎಂದಳು.

ರೇಡಿಯೊದಲ್ಲಿ ಅದೇ ದನಿ, "ನೂರಾ ಹದಿನೆಂಟು ಜನ ಕೂತಿದ್ದಾರೆ. ನನಗೆ ಅಷ್ಟು ಸಾಕು. ವಾಪಸ್ ಬರ್ತೀನಿ."

ಅವಳು ಮೈಕು ಕೆಳಗಿಟ್ಟಳು. ಗಡಿಯಾರ ಸಾಹೇಬರು ಎರಡೂ ಗಡಿಯಾರ ನೋಡಿಕೊಂಡು, ಎರಡರಲ್ಲೂ ಒಂದೇ ಹೊತ್ತು ಇದ್ದದ್ದಕ್ಕೆ ಬೇಸರಪಟ್ಟವರಂತೆ ಉಸ್ಸೆಂದು ಫೋನಿಗೆ ಕೈ ಹಾಕಿದರು.

ವಿಮಾನ ತಿರುಗಿ ಬರಲು ಹದಿಮೂರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವಳು ಗೂಟದಲ್ಲಿದ್ದ ಹಳದಿ ಮೇಲಂಗಿ ಹಾಕಿಕೊಂಡು ಕೆಳಗಿಳಿದಿದ್ದಳು. ಮೇಲಿನವರು ಅಂಗಳಕ್ಕೆ ಬರುವುದು ಅಪರೂಪ. ಕಾಂಕ್ರೀಟಿನ ಕಾವು ಚಪ್ಪಲಿಯನ್ನು ದಾಟಿ ಪಾದಕ್ಕೆ ತಗಲುತ್ತಿತ್ತು. ಗ್ಯಾಂಗಿನವರು ಸಾಲಾಗಿ ನಿಂತಿದ್ದರು. ಅವರ ಮುಂದೆ ಅಣ್ಣ, ತೋಳಿಗೆ ಕಿತ್ತಳೆ ಬಣ್ಣದ ಮೇಸ್ತ್ರಿ ಪಟ್ಟಿ ಕಟ್ಟಿಕೊಂಡು, ಅವಳತ್ತ ನೋಡದೆ ನಿಂತಿದ್ದ. ಇವಳು ಇನ್ನೊಮ್ಮೆ ತನ್ನ ಮಾನ ಕಳೆಯಲು ಇಳಿದು ಬಂದಿದ್ದಾಳೆ ಎಂಬುದು ಅವನ ಬೆನ್ನಿನಲ್ಲೇ ಬರೆದಿತ್ತು.

ಎಂಜಿನ್ ನಿಂತಿತು. ಕಿಟಕಿಗಳಲ್ಲಿ ಮುಖಗಳು ಒತ್ತಿಕೊಂಡಿದ್ದವು. ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಯಾರಿಗೋ ಟಾಟಾ ಮಾಡಿಸುತ್ತಿದ್ದಳು. ಬಹುಶಃ ಲೋಡರುಗಳಿಗೇ.

"ಮುಂದಿನದು ತೆಗೀರಿ," ಎಂದಳು ಅವಳು. ಎರಡನೆಯ ಕಾಗದದ ಪ್ರಕಾರ ಪೆಟ್ಟಿಗೆಗಳು ಅಲ್ಲಿರಬೇಕು.

ಅಣ್ಣ ಈಗ ಮೀಸೆಯತ್ತ ತಿರುಗಿದ. "ಮುಂದಿನದು ಯಾಕೆ? ಪೆಟ್ಟಿಗೆ ಇರೋದು ಹಿಂದಲ್ವಾ?"

ಹೇಳಿದ ಮೇಲೆ ಅವನಿಗೇ ಏನೋ ತಟ್ಟಿರಬೇಕು. ಮಾತು ಅಲ್ಲಿಗೇ ನಿಂತಿತು. ಮೀಸೆ ಅಷ್ಟರಲ್ಲಿ ಮುಂದಿನ ಬಾಗಿಲಿನ ಹಿಡಿ ತಿರುಗಿಸಿ ಒಳಕ್ಕೆ ತಳ್ಳಿದ್ದ. ಒಳಗೆ ಬಣ್ಣಬಣ್ಣದ ಚೀಲಗಳು, ಸೂಟ್‌ಕೇಸುಗಳು, ಮಡಚಿದ ಒಂದು ಮಗುವಿನ ಗಾಡಿ. ಪೆಟ್ಟಿಗೆ ಒಂದೂ ಇರಲಿಲ್ಲ.

ತನ್ನ ಅನುಮಾನ ನಿಜವಾಯಿತೆಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹದಿನೇಳು ಸೆಕೆಂಡಿನ ಆ ವಿಡಿಯೊ ಕಣ್ಣ ಮುಂದೆ ಬಂತು, ಟ್ರ್ಯಾಕ್ಟರಿನ ಕಂಬಿ ಹಿಡಿದುಕೊಂಡಳು. ಗ್ಯಾಂಗಿನಲ್ಲಿ ಗೇಣಮ್ಮ ಎಂದು ಹಿಂದಿನಿಂದ ಕೂಗುತ್ತಿದ್ದವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಅಣ್ಣ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಮೊದಲ ಕಾಗದ ತೆಗೆದ. ಅವಳ ಕೈಯಲ್ಲಿದ್ದ ಎರಡನೆಯದನ್ನು ಇಸಿದುಕೊಂಡು ಪಕ್ಕದಲ್ಲಿ ಹಿಡಿದ. ಎರಡನ್ನೂ ಬಹಳ ಹೊತ್ತು ನೋಡಿದ. ಕೆಂಪು ಸುತ್ತಿನ ಮೇಲೆ ಹರಿದಿದ್ದ ತನ್ನ ಸಹಿಯನ್ನು ಹೆಬ್ಬೆರಳಿನಿಂದ ಒರೆಸಿದ, ಅಳಿಸಬಹುದೋ ಎಂಬಂತೆ.

"ಕೆಂಪು ಕಂಡಿತ್ತು," ಎಂದ, ಅವಳಿಗೆ ಮಾತ್ರ ಕೇಳುವಷ್ಟು. "ನಿನ್ನ ಕೈಬರಹ ಅಂತಾನೂ ಗೊತ್ತಾಯ್ತು. ಅದಕ್ಕೇ ಓದಲಿಲ್ಲ."

ಹನ್ನೆರಡು ದಿನಗಳ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು.

"ನಾನು ಫೋನ್ ಮಾಡ್ಬೇಕಿತ್ತು," ಎಂದಳು.

"ಮಾಡಿದ್ರೂ ನಾನು ಎತ್ತುತ್ತಿರಲಿಲ್ಲ."

"ಎತ್ತೋವರೆಗೂ ಮಾಡ್ಬೇಕಿತ್ತು. ಬೇಕಂತಲೇ ಮಾಡಲಿಲ್ಲ, ಅಣ್ಣ."

ಅವನು ವಿಮಾನದ ಕಿಟಕಿಗಳ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ. ಅವನ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಅಪ್ಪ ಹೋದ ದಿನವೂ ಅವನು ಹೀಗೆಯೇ, ಮಾತಿಲ್ಲದೆ, ಬರೀ ಕುತ್ತಿಗೆಯಿಂದ ಅತ್ತಿದ್ದ.

ಗಡಿಯಾರ ಸಾಹೇಬರು ಬಂದರು. ಕೈಯಲ್ಲಿ ರಟ್ಟು, ಅದರ ಮೇಲೆ ತಪ್ಪು ನಡೆದಾಗ ತುಂಬುವ ನಮೂನೆ. ಮುಂದಿನ ಹೋಲ್ಡಿನೊಳಗೆ ಬಗ್ಗಿ ನೋಡಿದರು. ಹಿಂದಿನದರ ಬಾಗಿಲು ತೆಗೆಸಿ ಆರು ಪೆಟ್ಟಿಗೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಅವರ ಮುಖದ ಬಣ್ಣವೂ ಇಳಿದಿತ್ತು. ಆದರೂ ನಮೂನೆ ನಮೂನೆಯೇ.

"ಮೇಸ್ತ್ರಿ, ಎರಡನೇ ಕಾಗದ ಓದಿ ಸಹಿ ಮಾಡಿದ್ದಾ?"

"ಇಲ್ಲ ಸರ್."

ಬರೆದುಕೊಂಡರು. "ಬದಲಾವಣೆ ಆಗಿದೆ ಅಂತ ಮೇಲಿನಿಂದ ಫೋನ್ ಬಂದಿತ್ತಾ?"

ಅಣ್ಣ ತಡಮಾಡಲಿಲ್ಲ. "ಬಂದಿತ್ತು ಸರ್. ಅವಳು ಹೇಳಿದ್ಲು. ನಾನೇ ಮರೆತೆ."

ಪೆನ್ನು ನಮೂನೆಯ ಮೇಲೆ ಇಳಿಯತೊಡಗಿತು. ಅವಳಿಗೆ ಒಂದು ಗಳಿಗೆ, ನಿಜವಾಗಿಯೂ ಒಂದು ಗಳಿಗೆ, ಸುಮ್ಮನಿದ್ದುಬಿಡುವ ಎನ್ನಿಸಿತು. ಒಬ್ಬರ ಕೆಲಸವಾದರೂ ಉಳಿಯುತ್ತದೆ. ಅಣ್ಣನ ಲೆಕ್ಕವೂ ಅದೇ ಎಂದು ಅವಳಿಗೆ ಗೊತ್ತಿತ್ತು. ಅವನು ಭಾರವನ್ನೆಲ್ಲ ತನ್ನ ಕಡೆಗೇ ಹಾಕಿಕೊಳ್ಳುತ್ತಿದ್ದ.

"ಇಲ್ಲ ಸರ್," ಎಂದಳು. "ನಾನು ಫೋನ್ ಮಾಡಲೇ ಇಲ್ಲ. ಮೇಲೆ ನೀವು ಕೇಳಿದಾಗಲೂ ಹೇಳಲಿಲ್ಲ. ಎರಡನ್ನೂ ಬರ್ಕೊಳ್ಳಿ."

ಅಣ್ಣ ಹಲ್ಲು ಕಚ್ಚಿ ಅವಳ ಕಡೆ ನೋಡಿದ. ಚಿಕ್ಕಂದಿನಲ್ಲಿ ಅವಳು ಅಪ್ಪನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಒದರಿಬಿಟ್ಟಾಗ ನೋಡುತ್ತಿದ್ದ ನೋಟ ಅದು.

ಗಡಿಯಾರ ಸಾಹೇಬರು ಇಬ್ಬರನ್ನೂ ನೋಡಿದರು. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. "ಹದಿನೆಂಟು ವರ್ಷದಲ್ಲಿ ಇಂಥ ನಮೂನೆ ನಾನು ತುಂಬಿಲ್ಲ," ಎಂದರು ಕೊನೆಗೆ. "ಈ ವಿಮಾನ ಸರಿ ಮಾಡಿ ಕಳಿಸಿ. ಕಳಿಸಿದ ಮೇಲೆ ಇಬ್ಬರೂ ಮೇಲೆ ಬನ್ನಿ. ಮೇಸ್ತ್ರಿ, ನೀವು ಪಟ್ಟಿ ಬಿಚ್ಚಿ ತನ್ನಿ. ನೀವಮ್ಮ, ಸಹಿ ಕಾರ್ಡು ತನ್ನಿ. ಮುಂದೇನು ಅಂತ ನಿರ್ಧಾರ ಮಾಡೋನು ನಾನಲ್ಲ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಿಲ್ಲಿಸಿದ್ರಲ್ಲ, ಅದನ್ನೂ ಬರೆದಿದ್ದೀನಿ."

ಪೆಟ್ಟಿಗೆಗಳನ್ನು ಇಳಿಸಿ ಏರಿಸಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅವಳು ಮೂರನೇ ಮಹಡಿಗೆ ಹಿಂತಿರುಗಿ ಎಲ್ಲ ಲೆಕ್ಕವನ್ನೂ ಮೊದಲಿನಿಂದ ಹಾಕಿದಳು. ಕೂಡಿಸಿದ್ದನ್ನೇ ಎರಡು ಸಲ ಕೂಡಿಸಿದಳು. ಮೂರನೆಯ ಕಾಗದ ತೆಗೆದಳು. ಇದಾದ ಮೇಲೆ ಇನ್ನೊಂದು ಕಾಗದಕ್ಕೆ ಯಾವಾಗ ಸಹಿ ಮಾಡುತ್ತೇನೋ, ಮಾಡುತ್ತೇನೋ ಇಲ್ಲವೋ ಎಂಬುದು ಮನಸ್ಸಿನಲ್ಲಿ ಬಂದು ಕುಳಿತುಕೊಂಡಿತ್ತು. ಅದನ್ನು ಎಬ್ಬಿಸಿ ಕಳಿಸಲು ಈಗ ಪುರುಸೊತ್ತಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತ್ತು.

ಫೋನಿಗೆ ಕೈ ಚಾಚುವುದರೊಳಗೆ ಫೋನೇ ರಿಂಗಾಯಿತು.

"ಹೇಳು," ಎಂದ ಅಣ್ಣ.

ಅವಳು ಓದಿದಳು. "ಮುಂದಿನ ಹೋಲ್ಡ್, ಪೆಟ್ಟಿಗೆ ಆರು, ಎರಡು ಸಾವಿರದ ನೂರು ಕಿಲೋ. ಹಿಂದಿನ ಹೋಲ್ಡ್, ಚೀಲ ಅರವತ್ತೆರಡು, ಮಗುವಿನ ಗಾಡಿ ಒಂದು. ಬೇರೆ ಏನೂ ಇಲ್ಲ."

"ಮುಂದಿನ ಹೋಲ್ಡ್, ಪೆಟ್ಟಿಗೆ ಆರು, ಎರಡು ಸಾವಿರದ ನೂರು ಕಿಲೋ," ಅವನು ಒಂದೊಂದನ್ನೂ ಬಿಡಿಸಿ ಹೇಳಿದ. ಉಸಿರು ಏರಿತ್ತು, ಅವನೂ ಎತ್ತಲು ಕೈ ಹಾಕಿರಬೇಕು. "ಹಿಂದಿನ ಹೋಲ್ಡ್, ಚೀಲ ಅರವತ್ತೆರಡು, ಮಗುವಿನ ಗಾಡಿ ಒಂದು. ಬೇರೆ ಏನೂ ಇಲ್ಲ. ಎರಡೂ ಬಾಗಿಲು ನಾನೇ ಹಾಕಿದೀನಿ."

"ಸರಿ."

"ಸರಿ."

ಇಲ್ಲಿಗೆ ಪದ್ಧತಿ ಮುಗಿಯಿತು. ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆಯಿಂದ ಟ್ರ್ಯಾಕ್ಟರಿನ ಸದ್ದು, ಮೀಸೆ ಯಾರಿಗೋ ಸರಿಯಲು ಹೇಳುತ್ತಿದ್ದ ಸದ್ದು ಕೇಳುತ್ತಿತ್ತು.

"ಕಿಟಕಿ ಹತ್ರ ಬಾ," ಎಂದು ಅಣ್ಣ ಫೋನ್ ಇಟ್ಟ.

ಅವಳು ಎದ್ದು ಹೋಗಿ ಗಾಜಿನ ಬಳಿ ನಿಂತಳು. ಅಣ್ಣ ಟ್ರ್ಯಾಕ್ಟರಿನವನಿಗೆ ತಡಿ ಎಂದು ಕೈ ತೋರಿಸಿ ಮೂತಿಯ ಕೆಳಗೆ ನಡೆದ. ತೋಳಿನಲ್ಲಿ ಕಿತ್ತಳೆ ಪಟ್ಟಿ ಇನ್ನೂ ಇತ್ತು. ಅವನು ಮುಂಗಾಲಿನ ಪಕ್ಕ ಮಂಡಿಯೂರಿ, ಬೆಳ್ಳಗಿನ ಕೊಳವೆಗೆ ನಾಲ್ಕು ಬೆರಳು ಅಡ್ಡ ಇಟ್ಟ. ಮೇಲೆ ಒಂದಿಷ್ಟೂ ಉಳಿಯಲಿಲ್ಲ, ಕೆಳಗೆ ಒಂದಿಷ್ಟೂ ಉಳಿಯಲಿಲ್ಲ. ಬೆರಳು ಹಾಗೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ಬಿಸಿಲಿಗೆ ಹಣೆಯ ಮೇಲೆ ಅಡ್ಡ ಹಿಡಿದು, ಅವನು ಮೂರನೇ ಮಹಡಿಯ ಕಿಟಕಿಗಳಲ್ಲಿ ಅವಳದು ಯಾವುದೆಂದು ಹುಡುಕುತ್ತಿದ್ದ.